ಗುಡ್ಡದ ಮೇಲಿಂದ ಸುರಿದ ಮದ್ದು

ವಿಟ್ಲದಿಂದ ಅಡ್ಯನಡ್ಕ ಹಾದು ಪೆರ್ಲದ ಕಡೆಗೆ ಹೋಗುವಾಗ ಕರ್ನಾಟಕ ಎಲ್ಲಿ ಮುಗಿಯಿತು, ಕೇರಳ ಎಲ್ಲಿ ಶುರುವಾಯಿತು ಎಂಬುದು ಹೊಸಬರಿಗೆ ಗೊತ್ತಾಗುವುದಿಲ್ಲ. ಆಚೆಗೂ ಈಚೆಗೂ ಅದೇ ಮುರಕಲ್ಲಿನ ಗುಡ್ಡ, ಅದೇ ಅಡಿಕೆ ತೋಟ, ಅದೇ ತುಳು, ಅದೇ ಕನ್ನಡ. ನೆಲದ ಏರ್ಪಾಡೂ ಒಂದೇ. ಗುಡ್ಡದ ನೆತ್ತಿಯ ಪದವು ಬೋಳು, ಬುಡದ ತಗ್ಗು ತಂಪು. ಮಳೆ ಬೀಳುವುದು ನೆತ್ತಿಯ ಮೇಲೆ, ನೀರು ಸಿಗುವುದು ಬುಡದಲ್ಲಿ. ಆದ್ದರಿಂದ ಮನೆ, ಬಾವಿ, ಕೆರೆ, ತೋಡು, ಶಾಲೆ, ದನದ ಹಟ್ಟಿ ಎಲ್ಲವೂ ತಗ್ಗಿನಲ್ಲೇ. ಬೇಸಾಯಕ್ಕೆ ಒದಗದ ಪದವುಗಳಲ್ಲಿ ಸರ್ಕಾರಿ ನಿಗಮಗಳು ಗೇರು ಬೆಳೆಸಿದವು. ಆ ಗೇರುಮರಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಲಾಯಿತು. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗ, ವಾಣೀನಗರ ಮತ್ತು ನಮ್ಮದೇ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳು ಆ ಕಾರಣಕ್ಕೆ ದೇಶಕ್ಕೆಲ್ಲ ಪರಿಚಿತವಾದವು.

ಎಂಡೋಸಲ್ಫಾನ್ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆಹ ಬಂದಿದೆ. ಅದರಲ್ಲಿ ಹೆಚ್ಚಿನದು ಆ ರಾಸಾಯನಿಕ ಎಷ್ಟು ಕೆಟ್ಟದ್ದು ಎಂಬುದರ ಬಗ್ಗೆ. ಅದು ಕೆಟ್ಟದ್ದೇ, ಸಂಶಯವಿಲ್ಲ. ಆದರೆ ಅದನ್ನು ನೆಲಕ್ಕೆ ಇಳಿಸಿದ ವಿಧಾನದ ಬಗ್ಗೆ ನಾವು ಮಾತಾಡಿದ್ದು ಕಡಿಮೆ. ವಿಷಕ್ಕೆ ನಿಷೇಧ ಬಂತು; ಆಕಾಶದಿಂದ ಮದ್ದು ಬಿಡುವುದಕ್ಕೆ ಬರಲಿಲ್ಲ. ಈಗ ನಮ್ಮ ಅಡಿಕೆ ತೋಟಗಳ ಮೇಲೆ ಡ್ರೋನ್ ಹಾರುತ್ತಿರುವ ಕಾಲದಲ್ಲಿ ಈ ಎರಡನ್ನು ಬೇರೆ ಬೇರೆಯಾಗಿ ನೋಡಬೇಕಾಗಿದೆ.

ಮೊದಲು ಗೇರುಮರದಿಂದಲೇ ಆರಂಭಿಸೋಣ. ಮಳೆಗಾಲ ಕಳೆದ ಮೇಲೆ ಗೇರು ಚಿಗುರುತ್ತದೆ, ಚಳಿಗಾಲದಲ್ಲಿ ಹೂ ಬಿಡುತ್ತದೆ. ಆ ಎಳೆ ಚಿಗುರಿಗೂ ಹೂಗೊಂಚಲಿಗೂ ಟೀ ಸೊಳ್ಳೆ ಬೀಳುತ್ತದೆ. ಹೆಸರಿಗೆ ಸೊಳ್ಳೆ, ವಾಸ್ತವದಲ್ಲಿ ಅದೊಂದು ರಸ ಹೀರುವ ತಿಗಣೆ. ವಿಜ್ಞಾನಿಗಳು ಹೆಲೊಪೆಲ್ಟಿಸ್ ಆಂಟೋನಿ ಎನ್ನುತ್ತಾರೆ. ಅದು ಸೂಜಿಯಂಥ ಬಾಯಿಯನ್ನು ಚಿಗುರಿಗೆ ಚುಚ್ಚಿ, ಒಳಗೆ ತನ್ನ ಜೊಲ್ಲು ಬಿಡುತ್ತದೆ. ಚುಚ್ಚಿದಲ್ಲೆಲ್ಲ ಕಪ್ಪು ಕಲೆ ಬಿದ್ದು, ಚಿಗುರು ಸುಟ್ಟಂತೆ ಒಣಗುತ್ತದೆ, ಹೂಗೊಂಚಲು ಕರಟಿಹೋಗುತ್ತದೆ. ಹಾವಳಿ ಜೋರಾದ ವರ್ಷ ಫಸಲಿನ ದೊಡ್ಡ ಪಾಲೇ ಕೈಬಿಡುತ್ತದೆ. ಕೀಟದ ಕಾಟ ನಿಜವಾದದ್ದು, ತೋಟದವರ ಚಿಂತೆಯೂ ನಿಜವಾದದ್ದು.

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ಗೆ ಕಾಸರಗೋಡಿನಲ್ಲಿ ಸುಮಾರು 4,700 ಹೆಕ್ಟೇರ್ ಗೇರುತೋಟವಿತ್ತು. ಈಚೆ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳು. ಅಷ್ಟು ವಿಸ್ತಾರದ ಗುಡ್ಡಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಮರಮರಕ್ಕೂ ಮದ್ದು ಬಿಡುವುದಕ್ಕೆ ಆಳು ಬೇಕು, ನೀರು ಬೇಕು, ವಾರಗಟ್ಟಲೆ ಸಮಯ ಬೇಕು. ಹೆಲಿಕಾಪ್ಟರಾದರೆ ಕೆಲವೇ ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಹೀಗೆ 1970ರ ದಶಕದ ಕೊನೆಯ ಹೊತ್ತಿಗೆ ಕಾಸರಗೋಡಿನಲ್ಲಿ, 1980ರ ಆಸುಪಾಸಿನಲ್ಲಿ ದಕ್ಷಿಣ ಕನ್ನಡದಲ್ಲಿ ವೈಮಾನಿಕ ಸಿಂಪಡಣೆ ಶುರುವಾಯಿತು. ಚಿಗುರು, ಹೂ, ಎಳೆಕಾಯಿ ಎಂದು ಹಂತಕ್ಕೊಂದರಂತೆ ವರ್ಷಕ್ಕೆ ಎರಡು ಮೂರು ಬಾರಿ ಮದ್ದು ಬಿಡುತ್ತಿದ್ದರು. 2000ದವರೆಗೂ ಇದು ನಡೆಯಿತು.

ಆಕಾಶದಿಂದ ಬಿಟ್ಟ ಮದ್ದು ಎಲ್ಲಿಗೆ ಹೋಗುತ್ತದೆ? ಇದು ಶಾಲೆಯ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದಾದ ಪ್ರಶ್ನೆ. ನಾಝಲ್‌ನಿಂದ ಹೊರಬೀಳುವ ಹನಿಗಳೆಲ್ಲ ಒಂದೇ ಗಾತ್ರದವಲ್ಲ. ಕೆಲವು 300 ಮೈಕ್ರಾನ್ ಇರುತ್ತವೆ, ಕೆಲವು 10 ಮೈಕ್ರಾನ್‌ಗಿಂತಲೂ ಸಣ್ಣವು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಹನಿ ಸಣ್ಣದಾದಷ್ಟೂ ಬೀಳುವ ವೇಗ ತೀರಾ ಬೇಗ ಕುಗ್ಗುತ್ತದೆ. ವ್ಯಾಸ ಅರ್ಧವಾದರೆ ವೇಗ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. 100 ಮೈಕ್ರಾನ್ ಹನಿ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 27 ಸೆಂಟಿಮೀಟರ್ ಇಳಿಯುತ್ತದೆ. 10 ಮೈಕ್ರಾನ್ ಹನಿ ಇಳಿಯುವುದು ಬರೀ ಮೂರು ಮಿಲಿಮೀಟರ್.

ಹತ್ತು ಮೀಟರ್ ಎತ್ತರದಿಂದ ಮದ್ದು ಬಿಟ್ಟರು, ಗಾಳಿ ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್ ವೇಗದಲ್ಲಿ, ಅಂದರೆ ಎಲೆ ಅಲ್ಲಾಡುವಷ್ಟು ಮಾತ್ರ, ಬೀಸುತ್ತಿದೆ ಎಂದುಕೊಳ್ಳಿ. 200 ಮೈಕ್ರಾನ್ ಹನಿ ನಲವತ್ತು ಮೀಟರ್ ಆಚೆ ನೆಲ ಮುಟ್ಟುತ್ತದೆ. 100 ಮೈಕ್ರಾನ್‌ನದು ನೂರು ಮೀಟರ್ ದಾಟುತ್ತದೆ. 50 ಮೈಕ್ರಾನ್‌ನದು 400 ಮೀಟರ್ ಹೋಗುತ್ತದೆ. 10 ಮೈಕ್ರಾನ್‌ನ ಹನಿ ಸುಮಾರು ಒಂದು ಗಂಟೆ ಗಾಳಿಯಲ್ಲೇ ಇದ್ದು, ಲೆಕ್ಕದ ಪ್ರಕಾರ ಹತ್ತು ಕಿಲೋಮೀಟರ್ ದೂರ ಸಾಗಬಲ್ಲದು. ಅಷ್ಟರಲ್ಲಿ ಅದರ ನೀರಿನ ಅಂಶ ಆರಿ, ಹನಿ ಇನ್ನೂ ಸಣ್ಣದಾಗಿ, ಇನ್ನೂ ಹಗುರಾಗಿ, ಒಳಗಿನ ವಿಷ ಇನ್ನೂ ಗಾಢವಾಗಿರುತ್ತದೆ. ಒಂದು 200 ಮೈಕ್ರಾನ್ ಹನಿಯಲ್ಲಿರುವಷ್ಟೇ ದ್ರವದಿಂದ 10 ಮೈಕ್ರಾನ್‌ನ ಎಂಟು ಸಾವಿರ ಹನಿಗಳಾಗುತ್ತವೆ. ಎಲೆಯ ಮೇಲೆ ಚೆನ್ನಾಗಿ ಹರಡಲಿ ಎಂದು ಹನಿಯನ್ನು ಸಣ್ಣದು ಮಾಡಿದಷ್ಟೂ ಅದು ಎಲೆಯನ್ನು ಬಿಟ್ಟು ಊರಿಗೆ ಹೋಗುವ ಸಾಧ್ಯತೆ ಹೆಚ್ಚು. ಎಷ್ಟೇ ಜಾಣ ಪೈಲಟ್ ಇದ್ದರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರ.

ಅಪಾಯ ಕಡಿಮೆಯಾಗಬೇಕಾದರೆ ಮರದ ತಲೆಗಿಂತ ಎರಡು ಮೂರು ಮೀಟರ್ ಮೇಲಷ್ಟೇ ಹಾರಬೇಕು. ಬಯಲುಸೀಮೆಯ ಹತ್ತಿಹೊಲದಲ್ಲಿ ಅದು ಆದೀತು. ಪಡ್ರೆಯಂಥ ಊರಲ್ಲಿ ಗುಡ್ಡ ಏರುತ್ತದೆ, ದಿಢೀರನೆ ಇಳಿಯುತ್ತದೆ, ನಡುವೆ ಒಂದು ಕಣಿವೆ, ಮತ್ತೆ ಗುಡ್ಡ. ಅಲ್ಲಿ ಅಷ್ಟು ಕೆಳಗೆ ಹಾರುವುದು ಜೀವಕ್ಕೆ ಸಂಚಕಾರ. ಕಣಿವೆ ಬಂದಲ್ಲಿ ಹೆಲಿಕಾಪ್ಟರಿಗೂ ನೆಲಕ್ಕೂ ಅಂತರ ಒಮ್ಮೆಲೇ ಹಿಗ್ಗುತ್ತದೆ, ಮತ್ತು ಕಣಿವೆಯಲ್ಲೇ ಜನ ಇರುವುದು.

ಮದ್ದು ಬಿಡುತ್ತಿದ್ದ ಕಾಲವೂ ಕೆಟ್ಟದ್ದೇ. ಗೇರು ಹೂ ಬಿಡುವ ಚಳಿಗಾಲದಲ್ಲಿ ರಾತ್ರಿ ಆಕಾಶ ತಿಳಿಯಾಗಿರುತ್ತದೆ, ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ತಂಪಾಗಿ ಭಾರವಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ಬೆಳಗ್ಗೆ ಮಂಜು ಕಟ್ಟಿಕೊಳ್ಳುವುದು ಅದಕ್ಕೇ. ಬಿಸಿಲೇರುವ ತನಕ ಕಣಿವೆಯ ಗಾಳಿ, ಮುಚ್ಚಳ ಹಾಕಿದ ಪಾತ್ರೆಯೊಳಗಿನ ಆವಿಯಂತೆ, ಮೇಲೇಳದೆ ಅಲ್ಲೇ ಇರುತ್ತದೆ. ಅದರೊಳಗೆ ಸೇರಿದ ಸಣ್ಣ ಹನಿಯೂ ಚದುರದೆ ಅಲ್ಲೇ ಉಳಿಯುತ್ತದೆ.

ಇನ್ನು ನೀರಿನ ವಿಚಾರ. ನಮ್ಮ ಭಾಗದ ಸುರಂಗಗಳನ್ನು ಹೊರಗಿನವರಿಗೆ ವಿವರಿಸಿ ಹೇಳಬೇಕಾಗುತ್ತದೆ. ಗುಡ್ಡದ ಮಗ್ಗುಲಿಗೆ ಅಡ್ಡಲಾಗಿ, ಒಬ್ಬ ಆಳು ಬಗ್ಗಿ ನಡೆಯುವಷ್ಟು ಅಗಲಕ್ಕೆ ಬಿಲ ಕೊರೆದು, ಒಳಗಿನ ಒರತೆಯನ್ನು ಪಂಪು ಇಲ್ಲದೆ ಹೊರಕ್ಕೆ ಹರಿಸಿಕೊಳ್ಳುವ ವಿದ್ಯೆ ಇದು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಮಾಣಿಲ, ಪಡ್ರೆ ಕಡೆಯಲ್ಲಿ ಮನೆಮನೆಗೂ ಎಂಬಂತೆ ಸುರಂಗಗಳಿವೆ. ಈ ನೀರು ಬರುವುದು ಮುರಕಲ್ಲಿನ ತೂತು ಬಿರುಕುಗಳ ಮೂಲಕ ಇಳಿದು, ಗುಡ್ಡದ ನೆತ್ತಿಯಿಂದ. ಅದೇ ನೆತ್ತಿಯ ಮೇಲೆ ವಿಷ ಸುರಿದಾಗ ಅದು ಮಳೆಯೊಂದಿಗೆ ತೋಡಿಗೂ ಇಳಿಯಿತು, ಮಣ್ಣಿನ ಕಣಕ್ಕೆ ಅಂಟಿಕೊಂಡು ಕೆರೆಯ ಕೆಸರಿಗೂ ಸೇರಿತು. ಮದ್ದು ಬಿಡುವ ದಿನ ಬಾವಿ ಮುಚ್ಚಿಕೊಳ್ಳಿ ಎಂದು ಜನರಿಗೆ ಹೇಳುತ್ತಿದ್ದರು. ಹರಿಯುವ ತೋಡನ್ನು ಮುಚ್ಚುವುದು ಹೇಗೆ?

ಎಂಡೋಸಲ್ಫಾನ್ ಆರ್ಗನೋಕ್ಲೋರಿನ್ ಗುಂಪಿನದು, ಡಿಡಿಟಿಯ ದೂರದ ನೆಂಟ. 1950ರ ದಶಕದಲ್ಲಿ ಬಳಕೆಗೆ ಬಂತು. ಅದರ ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ. ನೀರಿಗಿಂತ ಕೊಬ್ಬಿನಲ್ಲಿ ಅದಕ್ಕೆ ಒಲವು. ಹಾಗಾಗಿ ಹಾಲಿನಲ್ಲಿ, ತಾಯಿಯ ಎದೆಹಾಲಿನಲ್ಲೂ ಕಾಣಿಸಿಕೊಳ್ಳುತ್ತದೆ. ಮಣ್ಣಿನ ಸೂಕ್ಷ್ಮಾಣುಗಳು ಅದನ್ನು ಒಡೆದಾಗ ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ವಸ್ತುವಾಗುತ್ತದೆ. ವಿಷದಲ್ಲಿ ಅದು ಮೂಲವಸ್ತುವಿಗೆ ಸರಿಸಮಾನ, ಬಾಳಿಕೆಯಲ್ಲಿ ಇನ್ನೂ ಹೆಚ್ಚು. ಕ್ಷಾರಗುಣದ ನೀರಿನಲ್ಲಿ ಎಂಡೋಸಲ್ಫಾನ್ ಬೇಗ ಒಡೆಯುತ್ತದೆ, ಆಮ್ಲಗುಣದಲ್ಲಿ ನಿಧಾನ. ನಮ್ಮ ಕರಾವಳಿಯ ಮುರಕಲ್ಲಿನ ಮಣ್ಣು ಆಮ್ಲೀಯ ಎಂಬುದು ಅಡಿಕೆ ತೋಟಕ್ಕೆ ಸುಣ್ಣ ಹಾಕುವ ಪ್ರತಿಯೊಬ್ಬರಿಗೂ ಗೊತ್ತು.

ದೇಹದಲ್ಲಿ ಎಂಡೋಸಲ್ಫಾನಿನ ಕೆಲಸ ಎರಡು ಬಗೆ. ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಕೋಶಗಳ ಉದ್ರೇಕಕ್ಕೆ ಕಡಿವಾಣ ಹಾಕುತ್ತದೆ. ಅದು ತಾಗಿದಾಗ ಕೋಶದ ಗೋಡೆಯಲ್ಲಿ ಕ್ಲೋರೈಡ್ ಹಾದುಹೋಗುವ ಸಣ್ಣ ಬಾಗಿಲು ತೆರೆದು ಕೋಶ ಶಾಂತವಾಗುತ್ತದೆ. ಎಂಡೋಸಲ್ಫಾನ್ ಆ ಬಾಗಿಲಿಗೇ ಅಡ್ಡ ಕೂರುತ್ತದೆ. ಕಡಿವಾಣ ತಪ್ಪಿದ ನರಗಳು ಒಟ್ಟಿಗೇ ಕೆರಳಿ ಸೆಳವು ಬರುತ್ತದೆ. ಕೀಟ ಸಾಯುವುದೂ ಹೀಗೇ, ಹೆಚ್ಚು ಪ್ರಮಾಣದಲ್ಲಿ ಒಳಹೋದರೆ ಮನುಷ್ಯ ಸಾಯುವುದೂ ಹೀಗೇ. ಇನ್ನೊಂದು ಬಗೆಯದು ನಿಧಾನದ್ದು, ಕಣ್ಣಿಗೆ ಬೀಳದ್ದು. ಅತಿ ಸಣ್ಣ ಪ್ರಮಾಣದಲ್ಲಿ ವರ್ಷಾನುಗಟ್ಟಲೆ ಸೇರಿದಾಗ ಅದು ಹಾರ್ಮೋನುಗಳ ಮಾತುಕತೆಯಲ್ಲಿ ಕೈಯಾಡಿಸುತ್ತದೆ. ಗರ್ಭದ ಶಿಶು, ಬೆಳೆಯುವ ಮಕ್ಕಳು, ಹರೆಯಕ್ಕೆ ಕಾಲಿಡುವವರು ಇದಕ್ಕೆ ಹೆಚ್ಚು ಈಡಾಗುತ್ತಾರೆ.

ಈ ನಿಧಾನದ ಕೇಡನ್ನು ಮೊದಲು ಕಂಡವರು ದೊಡ್ಡ ಪ್ರಯೋಗಾಲಯದವರಲ್ಲ. ಅಂಗವಿಕಲ ಕರುಗಳು ಹುಟ್ಟುತ್ತಿರುವುದು ಪಡ್ರೆಯ ಕೃಷಿಕರ ಹಟ್ಟಿಗಳಲ್ಲಿ 1979ರ ಸುಮಾರಿಗೇ ಕಂಡುಬಂದಿತ್ತು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ಅದನ್ನು ವರದಿ ಮಾಡಿ, ಹೆಲಿಕಾಪ್ಟರಿನ ಮದ್ದಿನ ಕಡೆಗೆ ಬೊಟ್ಟು ಮಾಡಿದರು. ಯಾರೂ ಕಿವಿಗೊಡಲಿಲ್ಲ. ಆಮೇಲೆ ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟಿನಿಂದ ಬಂದ ಊನ, ಮಾನಸಿಕ ಕಾಯಿಲೆ, ಕ್ಯಾನ್ಸರ್ ಇಷ್ಟು ಸಣ್ಣ ಊರಿಗೆ ಮೀರಿದ ಸಂಖ್ಯೆಯಲ್ಲಿ ಇರುವುದನ್ನು ಗುರುತಿಸಿದರು. ಹಳ್ಳಿಯ ವೈದ್ಯರಿಗೆ ಒಂದು ಅನುಕೂಲವಿದೆ: ಒಂದೇ ತೋಡಿನ ಎರಡೂ ದಡದ ಮನೆಗಳ ಮೂರು ತಲೆಮಾರನ್ನು ಅವರು ನೋಡಿರುತ್ತಾರೆ. ಜಿಲ್ಲಾಸ್ಪತ್ರೆಯ ದಾಖಲೆಯಲ್ಲಿ ಬಿಡಿಬಿಡಿಯಾಗಿ ಕಾಣುವ ಕಾಯಿಲೆಗಳು ಅವರಿಗೆ ಒಂದೇ ನಕ್ಷೆಯ ಮೇಲೆ ಕಾಣುತ್ತವೆ. ಕಾಸರಗೋಡು ಜಿಲ್ಲೆಯ ತೆಂಕಣ ಭಾಗದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ಕೋರ್ಟಿನ ಮೆಟ್ಟಿಲು ಹತ್ತಿ, 1998ರಲ್ಲಿ ವೈಮಾನಿಕ ಸಿಂಪಡಣೆಗೆ ತಾತ್ಕಾಲಿಕ ತಡೆ ತಂದರು. ಸರ್ಕಾರಿ ಕೆಲಸದಲ್ಲಿದ್ದ ಒಬ್ಬ ಹೆಣ್ಣುಮಗಳು ಸರ್ಕಾರಿ ನಿಗಮವೊಂದರ ವಿರುದ್ಧ ಒಂಟಿಯಾಗಿ ನಿಂತದ್ದು ಎಷ್ಟು ದೊಡ್ಡ ಧೈರ್ಯ ಎಂಬುದು ಈಗ ನೆನೆದರೂ ಮನಸ್ಸಿಗೆ ತಟ್ಟುತ್ತದೆ.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಹಾಲು, ತರಕಾರಿ, ಜನರ ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಹೇರಳವಾಗಿದೆ ಎಂದಿತು. ತೋಟದ ನಿಗಮ ಮಾಡಿಸಿದ ಇನ್ನೊಂದು ಪರೀಕ್ಷೆ ಬೇರೆಯೇ ಉತ್ತರ ಕೊಟ್ಟಿತು. ಅಲ್ಲಿಂದ ಮುಂದೆ ಸಮಿತಿಗಳ ಮೇಲೆ ಸಮಿತಿ. ಒಂದು ಸಂಬಂಧ ಇದೆ ಎಂದರೆ ಇನ್ನೊಂದು ಪುರಾವೆ ಸಾಲದು ಎಂದಿತು. ಆ ಗದ್ದಲದಲ್ಲಿ ಶಾಂತವಾಗಿ ಓದಬೇಕಾದ ಅಧ್ಯಯನ ಒಂದಿದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯದು. 2003ರಲ್ಲಿ ಅದು ಅಂತಾರಾಷ್ಟ್ರೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು.

ಆ ಸಂಶೋಧಕರು ಗೇರುಗುಡ್ಡದ ಬುಡದ ಊರಿನ, 10ರಿಂದ 19 ವರ್ಷದೊಳಗಿನ 117 ಹುಡುಗರನ್ನು ತಪಾಸಣೆ ಮಾಡಿದರು. ಹೋಲಿಕೆಗೆ, ವೈಮಾನಿಕ ಸಿಂಪಡಣೆ ಇಲ್ಲದ, ಸುಮಾರು 20 ಕಿಲೋಮೀಟರ್ ಆಚೆಯ ಊರಿನ 90 ಹುಡುಗರನ್ನು ಆರಿಸಿಕೊಂಡರು. ಸಿಂಪಡಣೆ ನಿಂತು ಹತ್ತು ತಿಂಗಳಾಗಿದ್ದರೂ ಗುಡ್ಡದ ಬುಡದ ಹುಡುಗರಲ್ಲಿ ನೂರಕ್ಕೆ 78 ಮಂದಿಯ ರಕ್ತದಲ್ಲಿ ಎಂಡೋಸಲ್ಫಾನ್ ಇತ್ತು. ಆಚೆ ಊರಿನಲ್ಲಿ ನೂರಕ್ಕೆ 29. ಸರಾಸರಿ ಪ್ರಮಾಣ ಇಲ್ಲಿ ಶತಕೋಟಿಗೆ 7.47 ಪಾಲು, ಅಲ್ಲಿ 1.37. ಹರೆಯದ ಲಕ್ಷಣಗಳು ಈ ಊರಿನ ಹುಡುಗರಲ್ಲಿ ತಡವಾಗಿ ಕಾಣಿಸಿಕೊಂಡಿದ್ದವು. ಅದಕ್ಕಿಂತ ಮುಖ್ಯವಾದ ಸುಳಿವು ಹಾರ್ಮೋನುಗಳಲ್ಲಿ ಸಿಕ್ಕಿತು. ವಯಸ್ಸಿನ ವ್ಯತ್ಯಾಸ ಕಳೆದು ನೋಡಿದಾಗ, ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿದ್ದಷ್ಟೂ ಟೆಸ್ಟೊಸ್ಟಿರೋನ್ ಕಡಿಮೆ, ಮೆದುಳಿನ ಪಿಟ್ಯುಟರಿ ಗ್ರಂಥಿ ಸ್ರವಿಸುವ ಎಲ್‌ಎಚ್ ಹಾರ್ಮೋನ್ ಹೆಚ್ಚು. ಪಿಟ್ಯುಟರಿ ಇನ್ನಷ್ಟು ಕೆಲಸ ಮಾಡು ಎಂದು ವೃಷಣಕ್ಕೆ ಒತ್ತಾಯಿಸುತ್ತಿದೆ, ವೃಷಣ ಸ್ಪಂದಿಸುತ್ತಿಲ್ಲ ಎಂದು ಇದನ್ನು ಓದಬಹುದು. ಬರೀ ಊಟದ ಕೊರತೆಯಿಂದಲೋ ಬಡತನದಿಂದಲೋ ಹರೆಯ ತಡವಾದರೆ ಎರಡೂ ಹಾರ್ಮೋನುಗಳು ಕೆಳಗೇ ಇರುವುದು ಸಾಮಾನ್ಯ.

ಆ ಅಧ್ಯಯನ ಏನನ್ನು ಹೇಳಲಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ವೃಷಣ ಕೆಳಗಿಳಿಯದಿರುವುದು ಮುಂತಾದ ಹುಟ್ಟುದೋಷಗಳು ಈ ಊರಿನಲ್ಲಿ ನೂರಕ್ಕೆ 5.1, ಹೋಲಿಕೆಯ ಊರಿನಲ್ಲಿ 1.1 ಇದ್ದವು. ಆದರೆ ಮಾದರಿ ಸಣ್ಣದಾದ್ದರಿಂದ ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು ಎಂಬುದನ್ನು ಸಂಖ್ಯಾಶಾಸ್ತ್ರ ತಳ್ಳಿಹಾಕಲಿಲ್ಲ. ಸಂಶೋಧಕರು ತಾವಾಗಿಯೇ ಇದನ್ನು ಬರೆದಿದ್ದಾರೆ. ನನಗೆ ಅವರ ಮೇಲೆ ಗೌರವ ಹೆಚ್ಚುವುದು ಇಂಥ ವಾಕ್ಯಗಳಿಂದ. ಒಂದು ನಿರ್ದಿಷ್ಟ ಮಗುವಿನ ಕಾಯಿಲೆಗೆ ಇದೇ ಕಾರಣ ಎಂದು ಬೆರಳಿಟ್ಟು ತೋರಿಸುವುದು ವಿಜ್ಞಾನಕ್ಕೆ ಬಹಳ ಕಷ್ಟ. ಅದು ಹೇಳಬಲ್ಲದ್ದು ಊರಿನ ಬಗ್ಗೆ, ಗುಂಪಿನ ಬಗ್ಗೆ. ಗುಂಪಿನ ಬಗ್ಗೆ ಹೇಳಬೇಕಾದರೂ ಮದ್ದು ಬಿಡುವ ಮೊದಲು ಊರು ಹೇಗಿತ್ತು ಎಂಬ ಲೆಕ್ಕ ಬೇಕು. ಹೆಲಿಕಾಪ್ಟರ್ ತರುವಾಗ ಯಾರೂ ಆ ಲೆಕ್ಕ ಬರೆದಿಡಲಿಲ್ಲ. ಯಾವ ದಿನ, ಯಾವ ಗುಡ್ಡಕ್ಕೆ, ಎಷ್ಟು ಲೀಟರ್, ಗಾಳಿ ಯಾವ ಕಡೆಗಿತ್ತು ಎಂಬುದು ಊರಿನವರ ಕೈಗೆ ಸಿಗಲಿಲ್ಲ. ಮದ್ದು ಸುರಿದವರು ಸುರಕ್ಷಿತ ಎಂದು ಸಾಬೀತು ಮಾಡಬೇಕಿತ್ತು. ಅದರ ಬದಲು, ಹಾಸಿಗೆ ಹಿಡಿದ ಮಕ್ಕಳ ತಾಯಂದಿರು ಹಾನಿಯಾಯಿತು ಎಂದು ಸಾಬೀತು ಮಾಡಬೇಕಾಗಿ ಬಂತು. ಈ ಇಡೀ ಪ್ರಕರಣದಲ್ಲಿ ನನ್ನನ್ನು ಅತಿಯಾಗಿ ಕಾಡುವ ಅನ್ಯಾಯ ಇದು.

ಕಾನೂನು ಇರಲಿಲ್ಲವೆಂದಲ್ಲ. 1971ರ ಕೀಟನಾಶಕ ನಿಯಮಗಳ 43ನೇ ನಿಯಮ ವೈಮಾನಿಕ ಸಿಂಪಡಣೆಗೆಂದೇ ಇದೆ. ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕು, ಜಾಗ ಗುರುತಿಸಬೇಕು, ಒಪ್ಪಿಗೆ ಪಡೆದ ಎತ್ತರ ಮತ್ತು ಸಾಂದ್ರತೆಯಲ್ಲೇ ಸಿಂಪಡಿಸಬೇಕು, ಸಂಬಂಧವಿಲ್ಲದ ಜನ, ಜಾನುವಾರು ಅಲ್ಲಿಗೆ ಹೋಗದಂತೆ ನೋಡಿಕೊಳ್ಳಬೇಕು ಎಂದೆಲ್ಲ ಅದರಲ್ಲಿದೆ. ಗೇರುಗುಡ್ಡದಲ್ಲಿ ದನ ಮೇಯಿಸುವ, ಸೌದೆ ಸೊಪ್ಪು ತರುವ, ಗುಡ್ಡ ದಾಟಿ ಶಾಲೆಗೆ ಹೋಗುವ ಊರಿನಲ್ಲಿ ಇದು ಹೇಗೆ ಪಾಲನೆಯಾದೀತು ಎಂದು ನಿಯಮ ಬರೆದವರು ಯೋಚಿಸಿದಂತಿಲ್ಲ.

ಕೊಕ್ಕಡ, ನಿಡ್ಲೆ, ಪಟ್ರಮೆಯ ಕಥೆ ಹೊರಜಗತ್ತಿಗೆ ತಿಳಿದದ್ದು ತಡವಾಗಿ. ಕಾಸರಗೋಡಿಗೆ ಪತ್ರಕರ್ತರು, ಛಾಯಾಗ್ರಾಹಕರು, ಸಂಶೋಧಕರು ಬಂದರು. ಅಂಬಿಕಾಸುತನ್ ಮಾಙಾಡ್ ಅವರ ಮಲಯಾಳಂ ಕಾದಂಬರಿ ‘ಎಣ್ಮಕಜೆ’ 2009ರಲ್ಲಿ ಬಂತು. ಗಡಿಯ ಈಚೆ ಅದೇ ಮದ್ದು, ಅದೇ ಗೇರು, ಅದೇ ಬಗೆಯ ಕಾಯಿಲೆಗಳು; ಆದರೆ ಕಾಯಿಲೆಗೆ ಈಡಾದವರ ಪಟ್ಟಿಯೇ ಇರಲಿಲ್ಲ. ಸಂತ್ರಸ್ತರೇ ಸಂಘಟಿತರಾಗಿ ಮನೆಮನೆಗೆ ಹೋಗಿ ಹೆಸರು ಕೂಡಿಸಿದರು. 2010ರಲ್ಲಿ ರಾಜ್ಯ ಸರ್ಕಾರ ಆ ಮೂರು ಗ್ರಾಮಗಳ ಸಂತ್ರಸ್ತರಿಗೆ ತಲಾ 50,000 ರೂಪಾಯಿ ಪರಿಹಾರ ಕೊಟ್ಟಿತು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನ್ ಬಳಕೆಗೆ ತಡೆಹಾಕಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಜಗತ್ತಿನಾದ್ಯಂತ ಅದನ್ನು ಕೈಬಿಡಲು ತೀರ್ಮಾನಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆ ನಿಲ್ಲಿಸಿತು. ಹೈಕೋರ್ಟಿನ ಮಧ್ಯಪ್ರವೇಶದ ನಂತರ ನಮ್ಮಲ್ಲಿ ಅಂಗವೈಕಲ್ಯದ ಪ್ರಮಾಣ ನೋಡಿ ಮಾಸಾಶನ ಬಂತು. ಕೊಕ್ಕಡದಲ್ಲೂ ಕೊಯಿಲದಲ್ಲೂ ಪಾಲನಾ ಕೇಂದ್ರಗಳಾದವು. ಅತ್ತ ಕೇರಳದಲ್ಲಿ, ಪ್ರತಿ ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಐದು ವರ್ಷ ಕಳೆದ ಮೇಲೆ, 2022ರಲ್ಲಿ, ಅದೇ ಕೋರ್ಟಿಗೆ ಗೊತ್ತಾದದ್ದು: 3,704 ಮಂದಿಯಲ್ಲಿ ಹಣ ತಲುಪಿದ್ದು ಎಂಟು ಜನರಿಗೆ. ಅವರೂ ಕೋರ್ಟಿಗೆ ಬಂದವರು.

ಇಲ್ಲಿ ಒಬ್ಬ ಓದುಗರು ಕೇಳಬಹುದು: ಎಂಡೋಸಲ್ಫಾನ್ ಅಷ್ಟು ಉಗ್ರ ವಿಷವಾದ್ದರಿಂದ ಹೀಗಾಯಿತು, ಸೌಮ್ಯವಾದ ಮದ್ದಾಗಿದ್ದರೆ ವಿಮಾನದಿಂದ ಬಿಟ್ಟರೂ ತೊಂದರೆ ಆಗುತ್ತಿತ್ತೇ? ಉತ್ತರಕ್ಕೆ ದಕ್ಷಿಣ ಅಮೆರಿಕದ ಕೊಲಂಬಿಯಾವನ್ನು ನೋಡಬೇಕು. ಕೊಕೇನ್ ತಯಾರಾಗುವುದು ಕೋಕಾ ಗಿಡದ ಎಲೆಯಿಂದ. ಆ ಬೆಳೆಯನ್ನು ನಾಶಮಾಡಲು ಅಲ್ಲಿನ ಸರ್ಕಾರ ಅಮೆರಿಕದ ಹಣ, ವಿಮಾನಗಳ ನೆರವಿನಿಂದ 1994ರಿಂದ 2015ರವರೆಗೆ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಆಕಾಶದಿಂದ ಸಿಂಪಡಿಸಿತು. ಇದು ನಮ್ಮ ತೋಟಗಳಿಗೂ ಬಂದಿರುವ ಅದೇ ಕಳೆನಾಶಕ. ಗಿಡಗಳಲ್ಲಿರುವ, ಪ್ರಾಣಿಗಳಲ್ಲಿಲ್ಲದ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಆ ಕಾರಣಕ್ಕೆ ತಕ್ಷಣದ ವಿಷತ್ವದಲ್ಲಿ ಎಂಡೋಸಲ್ಫಾನ್‌ಗೆ ಹೋಲಿಸಿದರೆ ಎಷ್ಟೋ ಸೌಮ್ಯ. ಆದರೆ ಸಿಂಪಡಿಸಿದ್ದು ಬರೀ ಗ್ಲೈಫೋಸೇಟ್ ಆಗಿರಲಿಲ್ಲ. ಎಲೆಯ ಮೇಣದ ಪದರ ದಾಟಲು ನೆರವಾಗುವ ಸಾಬೂನಿನಂಥ ವಸ್ತುಗಳನ್ನೂ ಸೇರಿಸಿದ್ದರು. ಅವು ಚರ್ಮ, ಕಣ್ಣು, ಶ್ವಾಸಕ್ಕೆ ಉರಿ ತರುತ್ತವೆ, ಕಪ್ಪೆ ಮೀನುಗಳಿಗೆ ಮಾರಕ. ಕೋಕಾ ಗಿಡ ಸಾಯಲೆಂದು ಹೊಲದಲ್ಲಿ ಬಳಸುವುದಕ್ಕಿಂತ ಹೆಚ್ಚು ಪ್ರಮಾಣ ಹಾಕುತ್ತಿದ್ದರು. ಕೆಳಗಿನಿಂದ ಗುಂಡು ಹಾರುವ ಭಯಕ್ಕೆ ವಿಮಾನ ಎತ್ತರದಲ್ಲೇ ಹೋಗುತ್ತಿತ್ತು.

ಕೋಕಾದ ಜೊತೆಗೆ ಬಾಳೆ, ಮರಗೆಣಸು, ಜೋಳ, ಪಕ್ಕದ ಕಾಡು ಎಲ್ಲ ಒಣಗಿದವು. ಅಡ್ರಿಯಾನಾ ಕಮಾಚೊ ಮತ್ತು ಡೇನಿಯಲ್ ಮೆಹಿಯಾ ಎಂಬ ಅರ್ಥಶಾಸ್ತ್ರಜ್ಞರು, ನಮ್ಮಲ್ಲಿ ಯಾರೂ ಮಾಡಲಾಗದ ಕೆಲಸವೊಂದನ್ನು ಮಾಡಿದರು. ಕೊಲಂಬಿಯಾದಲ್ಲಿ ಯಾವ ದಿನ ಎಲ್ಲಿ ಸಿಂಪಡಿಸಿದರು ಎಂಬ ದಾಖಲೆ ಇತ್ತು. ಜನರ ವೈದ್ಯಕೀಯ ಭೇಟಿಗಳ ದಾಖಲೆಯೂ ಇತ್ತು. 2003ರಿಂದ 2007ರವರೆಗಿನ ಎರಡನ್ನೂ ಜೋಡಿಸಿ ನೋಡಿದಾಗ, ಸಿಂಪಡಣೆಯ ನಂತರದ ದಿನಗಳಲ್ಲಿ ಚರ್ಮದ ಮತ್ತು ಉಸಿರಾಟದ ತೊಂದರೆಗಳೂ ಗರ್ಭಪಾತಗಳೂ ಹೆಚ್ಚಿದ್ದು ಕಂಡಿತು. ಅವರ ಲೇಖನ 2017ರಲ್ಲಿ ಪ್ರಕಟವಾಯಿತು. ಮೆಹಿಯಾ ಮತ್ತು ಸಂಗಾತಿಗಳ ಇನ್ನೊಂದು ಲೆಕ್ಕ ಇನ್ನೂ ದಂಗುಬಡಿಸುವಂಥದು: ಒಂದು ಹೆಕ್ಟೇರ್ ಕೋಕಾ ಕಡಿಮೆಯಾಗಬೇಕಾದರೆ ಮೂವತ್ತಕ್ಕೂ ಹೆಚ್ಚು ಹೆಕ್ಟೇರ್‌ಗೆ ವಿಷ ಸುರಿಯಬೇಕಿತ್ತು. ಬೆಳೆಗಾರರು ಎಲೆ ತೊಳೆಯುತ್ತಿದ್ದರು, ಗಿಡ ಸವರಿ ಚಿಗುರಿಸುತ್ತಿದ್ದರು, ಇಲ್ಲವೇ ಕಾಡಿನ ಇನ್ನೊಂದು ಮೂಲೆ ಕಡಿದು ಹೊಸದಾಗಿ ನೆಡುತ್ತಿದ್ದರು.

ಗಾಳಿಗೆ ದೇಶದ ಗಡಿಯೂ ಗೊತ್ತಿಲ್ಲ. ಮದ್ದು ತನ್ನ ಕಡೆಗೆ ತೇಲಿಬರುತ್ತಿದೆ ಎಂದು ನೆರೆಯ ಎಕ್ವಡಾರ್ 2008ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ದೂರು ಕೊಟ್ಟಿತು. 2013ರಲ್ಲಿ ರಾಜಿಯಾಯಿತು; ಕೊಲಂಬಿಯಾ ಒಂದೂವರೆ ಕೋಟಿ ಡಾಲರ್ ಕೊಟ್ಟು, ಗಡಿಯುದ್ದಕ್ಕೂ 10 ಕಿಲೋಮೀಟರ್ ಪಟ್ಟಿಯಲ್ಲಿ ಸಿಂಪಡಿಸುವುದಿಲ್ಲ ಎಂದು ಒಪ್ಪಿತು. ಹನಿಯ ಲೆಕ್ಕದಲ್ಲಿ ಬಂದ ಹತ್ತು ಕಿಲೋಮೀಟರನ್ನು ಓದುಗರು ಮರೆತಿರಲಾರರು. 2015ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗ್ಲೈಫೋಸೇಟ್ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲದು ಎಂಬ ವರ್ಗಕ್ಕೆ ಸೇರಿಸಿತು. ಎಲ್ಲ ದೇಶಗಳ ನಿಯಂತ್ರಕರು ಇದನ್ನು ಒಪ್ಪಿಲ್ಲ. ಆದರೂ ಕೊಲಂಬಿಯಾ ಎರಡೇ ತಿಂಗಳಲ್ಲಿ ವಿಮಾನಗಳನ್ನು ನಿಲ್ಲಿಸಲು ತೀರ್ಮಾನಿಸಿತು.

ಬೇರೆ ಮದ್ದು, ಬೇರೆ ಗುರಿ, ಬೇರೆ ಭೂಖಂಡ. ಆದರೂ ಪಡ್ರೆಯವರಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ.

ಈಗ ನಮ್ಮ ಅಡಿಕೆಗೆ ಬರೋಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಳಕೆಗೆ ತಂದರು. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರಿಂದ ಈ ಬೆಳೆಯ ಮೇಲೆ ಕೆಲಸ ಮಾಡುತ್ತಿದೆ. ಬೋರ್ಡೋದಲ್ಲಿರುವ ಮೈಲುತುತ್ತು, ಸುಣ್ಣ ಎರಡೂ ಎಂಡೋಸಲ್ಫಾನ್ ಜಾತಿಯವಲ್ಲ, ನಿಜ. ಮರವೇರಿ ಮದ್ದು ಬಿಡುವವರು ಸಿಗುವುದಿಲ್ಲ, ಏರಿದವರು ಬಿದ್ದು ಸೊಂಟ ಮುರಿದುಕೊಂಡ ಮನೆಗಳು ಪ್ರತಿ ಊರಿನಲ್ಲಿವೆ. ಹಾಗಿರುವಾಗ ಉದ್ದದ ದೋಟಿಯನ್ನೋ ಡ್ರೋನನ್ನೋ ಬೇಡ ಎನ್ನುವ ಮನಸ್ಸು ನನಗಿಲ್ಲ. ಕೃಷಿ ಡ್ರೋನ್‌ಗಳಿಗೆ 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಾರ್ಯವಿಧಾನವನ್ನೂ ಪ್ರಕಟಿಸಿದೆ. ಡ್ರೋನ್ ಹೆಲಿಕಾಪ್ಟರಿಗಿಂತ ಕೆಳಗೆ, ನಿಧಾನವಾಗಿ, ಸಣ್ಣ ಜಾಗಕ್ಕೆ ಹಾರುತ್ತದೆ. ಆದರೆ ಅದು ಒಯ್ಯಬಲ್ಲ ನೀರು ಸ್ವಲ್ಪವೇ. ಹಾಗಾಗಿ ದ್ರಾವಣ ಗಾಢವಾಗಿರಬೇಕು, ಹನಿ ಸಣ್ಣದಿರಬೇಕು. ಇವೆರಡೂ ಮೇಲಿನ ಲೆಕ್ಕದಲ್ಲಿ ಕೆಟ್ಟ ಕಡೆಗೇ ತಳ್ಳುವಂಥವು. ತೋಟದ ಮಧ್ಯೆ ಮನೆ, ಮನೆಯ ಅಂಗಳದಲ್ಲಿ ಬಾವಿ ಇರುವ ಊರು ನಮ್ಮದು. ನೆರೆಮನೆಯವರ ತೋಟಕ್ಕೂ ನಮ್ಮದಕ್ಕೂ ನಡುವೆ ಒಂದು ಅಗಳು, ಅಷ್ಟೇ. ಇವತ್ತು ಮೈಲುತುತ್ತು ತುಂಬಿದ ಟ್ಯಾಂಕಿಗೆ ನಾಳೆ ಇನ್ನೇನನ್ನೋ ತುಂಬುವುದಕ್ಕೆ ಯಂತ್ರದ ಅಡ್ಡಿಯಿಲ್ಲ. ಇರುವುದಾದರೆ ಕಾಗದದ ಮೇಲಿನ ಅಡ್ಡಿ: ಗ್ಲೈಫೋಸೇಟ್ ಬಳಕೆಯನ್ನು ಪರವಾನಗಿ ಪಡೆದ ಕೀಟನಿಯಂತ್ರಕರಿಗಷ್ಟೇ ಸೀಮಿತಗೊಳಿಸಿ 2022ರ ಅಕ್ಟೋಬರಿನಲ್ಲಿ ಕೇಂದ್ರ ಆದೇಶ ಹೊರಡಿಸಿದೆ.

ಗೇರಿಗೂ ಬೇರೆ ದಾರಿಗಳಿವೆ. ಅವುಗಳ ಬಗ್ಗೆ ಕೇಳಲು ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ನಮ್ಮ ಪಕ್ಕದಲ್ಲೇ ಇದೆ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆ, ಮಲೆನಾಡಿನವರ ಚಗಳಿ, ಟೀ ಸೊಳ್ಳೆಯನ್ನು ಬೇಟೆಯಾಡುತ್ತದೆ. ಉತ್ತರ ಆಸ್ಟ್ರೇಲಿಯಾದ ಗೇರುತೋಟಗಳಲ್ಲಿ ಈ ಇರುವೆಯ ಗೂಡುಗಳನ್ನು ಬೇಕೆಂದೇ ಸಾಕಿ, ಮರದಿಂದ ಮರಕ್ಕೆ ಹಗ್ಗ ಕಟ್ಟಿ, ಕೀಟವನ್ನು ಹತೋಟಿಯಲ್ಲಿಟ್ಟ ಪ್ರಯೋಗಗಳು ಯಶಸ್ವಿಯಾಗಿವೆ. ಗೇರುಬೀಜ ಹೆಕ್ಕುವವರಿಗೆ ಅದರ ಕಡಿತದ ಉರಿ ಗೊತ್ತು, ಆದ್ದರಿಂದ ತೋಟದವರಿಗೆ ಅದು ಇಷ್ಟವಿಲ್ಲ. ಹೆಲಿಕಾಪ್ಟರಿನ ಮದ್ದು ಟೀ ಸೊಳ್ಳೆಯ ಜೊತೆಗೆ ಈ ಕಾವಲುಗಾರರನ್ನೂ ಕೊಂದಿತ್ತು.

ಇನ್ನೂ ಮುಗಿಯದ ವ್ಯವಹಾರವೊಂದು ನಮ್ಮ ಗಡಿಯಲ್ಲೇ ಇದೆ. ನಿಷೇಧದ ನಂತರ ಉಳಿದ ಎಂಡೋಸಲ್ಫಾನ್ ದಾಸ್ತಾನು ಕೇರಳದ ತೋಟಗಳ ಗೋದಾಮಿನಲ್ಲಿ ವರ್ಷಾನುಗಟ್ಟಲೆ ಇತ್ತು. ಒಂದಷ್ಟು ಎಂಡೋಸಲ್ಫಾನನ್ನು ಹಿಂದೆಯೇ ಮಿಂಚಿನಪದವಿನ ಗೇರುತೋಟದ ಪಾಳು ಬಾವಿಗೆ ಹಾಕಿ ಮುಚ್ಚಲಾಗಿದೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಪೀಠದ ಮುಂದೆ ಬಂದು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಸ್ಥಳಕ್ಕೆ ಬಂದು ಹೋದರು. ಮಿಂಚಿನಪದವೂ ಗುಡ್ಡದ ನೆತ್ತಿಯೇ. ಅದರ ಒಂದು ಇಳಿಜಾರು ಕರ್ನಾಟಕಕ್ಕೆ. ಆ ಇಳಿಜಾರಿನ ಬಾವಿ, ಸುರಂಗ, ತೋಡುಗಳ ನೀರನ್ನು ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿಯ ಗೋಡೆಗೆ ಹಚ್ಚುವ ಕೆಲಸ ಈ ವರ್ಷವೇ ಶುರುವಾಗಬೇಕು. ಡ್ರೋನ್ ಹಾರುವ ಊರುಗಳಲ್ಲೂ ಅಷ್ಟೇ: ಯಾವ ತೋಟ, ಯಾವ ಮದ್ದು, ಎಷ್ಟು ಲೀಟರ್, ಯಾವ ದಿನ, ಯಾವ ಗಾಳಿ ಎಂಬ ಐದು ಕಾಲಮ್ಮುಗಳ ಒಂದು ಪುಸ್ತಕ ಗ್ರಾಮ ಪಂಚಾಯಿತಿಯಲ್ಲಿ ಇರಲಿ, ಯಾರು ಕೇಳಿದರೂ ಅದನ್ನು ತೆರೆದು ತೋರಿಸುವಂತಿರಲಿ.